ಹೆಸರು ಮತ್ತು ಸಮಯ

ಹನ್ನೆರಡನೆಯ ಸಲ ಅದೇ ಸಾಲಿನ ಮೇಲೆ ಬಂದು ನಿಂತಾಗ ತಾನು ಓದುತ್ತಿಲ್ಲ, ಬರಿದೇ ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ಕಪ್ಪು ಪರದೆಯ ಮೇಲೆ ಸಾಸಿವೆಯಷ್ಟು ಸಣ್ಣ ಬಿಳಿ ಅಕ್ಷರಗಳು. ಎಡಗಡೆ ತಾರೀಖು, ಗಂಟೆ, ನಿಮಿಷ, ಸೆಕೆಂಡು. ಬಲಗಡೆ ಯಾರು ಬಂದರು, ಯಾವ ಕಂಪ್ಯೂಟರಿನಿಂದ ಬಂದರು, ಒಳಗೆ ಬಿಟ್ಟಿತೋ ಇಲ್ಲವೋ. ನೀರು ಪರೀಕ್ಷೆ ಮಾಡುವ ಈ ಪ್ರಯೋಗಾಲಯದಲ್ಲಿ ಯಾರು ತಮ್ಮ ಹೆಸರೂ ಪಾಸ್‌ವರ್ಡೂ ಕೊಟ್ಟು ಸರ್ವರಿನೊಳಗೆ ಹೋದರೂ, ಹೋಗಲು ನೋಡಿ ಸೋತರೂ, ಸರ್ವರನ್ನು ನಡೆಸುವ ಲಿನಕ್ಸ್ ಅದನ್ನು ಲಾಗ್ ಎಂಬ ದಿನಚರಿಯ ಫೈಲಿನಲ್ಲಿ ಒಂದು ಸಾಲಾಗಿ ಬರೆದಿಡುತ್ತದೆ. ಹೊಗಳುವುದಿಲ್ಲ, ಬಯ್ಯುವುದಿಲ್ಲ, ಬರೆದಿಡುತ್ತದೆ. ಆ ಫೈಲನ್ನು ದಿನವೂ ಬೆಳಗ್ಗೆ ಓದುವುದು ಅವಳ ಕೆಲಸ. ಹದಿನಾರು ವರ್ಷದಿಂದ ಓದುತ್ತಿದ್ದಾಳೆ. ಯಾರು ತಡವಾಗಿ ಬರುತ್ತಾರೆ, ಯಾರು ಊಟಕ್ಕೆ ಹೋಗುವಾಗ ಸರ್ವರಿನಿಂದ ಹೊರಬರದೆ ಹಾಗೇ ಬಿಟ್ಟು ಹೋಗುತ್ತಾರೆ, ಯಾರ ಬೆರಳು ಸೋಮವಾರ ತಡವರಿಸುತ್ತದೆ, ಎಲ್ಲ ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅದನ್ನು ಯಾರೂ ಒಂದು ವಿಷಯವೆಂದುಕೊಂಡಿಲ್ಲ. ಕೋಣೆಯ ತಂಪಿಗೆ ಕಾಲ್ಬೆರಳುಗಳು ಮರಗಟ್ಟಿದ್ದವು. ಅವಳು ಚಪ್ಪಲಿಯೊಳಗೆ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಹದಿಮೂರನೆಯ ಸಲ ಓದಿದಳು.

ಹೋದ ವಾರದ ಮಂಗಳವಾರ. ಮಧ್ಯಾಹ್ನ ಒಂದು ಗಂಟೆ ಹನ್ನೊಂದು ನಿಮಿಷ ನಲವತ್ತೆಂಟನೆಯ ಸೆಕೆಂಡಿಗೆ ಉಪನಿರ್ದೇಶಕರ ಕೋಣೆಯ ಕಂಪ್ಯೂಟರಿನಿಂದ ಯಾರೋ ಬಾಗಿಲು ತಟ್ಟಿದ್ದಾರೆ. ಹೆಸರು: ಮುದ್ದುಗುಮ್ಮ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ಸರ್ವರು ಬಿಟ್ಟಿಲ್ಲ. ಹದಿನೈದು ಸೆಕೆಂಡಿನ ಮೇಲೆ ಅದೇ ಕಂಪ್ಯೂಟರಿನಿಂದ ಮತ್ತೆ. ಈ ಸಲ ಹೆಸರು ಹಿರಿಯ ವಿಶ್ಲೇಷಕಿಯದು, ಎಲ್ಲರೂ ಲ್ಯಾಬಕ್ಕ ಎಂದು ಕರೆಯುವವಳದು. ಪಾಸ್‌ವರ್ಡ್ ಸರಿಯಿದೆ, ಬಿಟ್ಟಿದೆ. ಏಳು ನಿಮಿಷ ಒಳಗಿದ್ದು ಹೊರಟುಹೋಗಿದ್ದಾರೆ. ಆ ಏಳು ನಿಮಿಷದಲ್ಲಿ ಒಂದು ಕೊಳವೆಬಾವಿಯ ನೀರಿನ ವರದಿಯಲ್ಲಿ ನೈಟ್ರೇಟಿನ ಅಂಕಿ ಅರವತ್ತೆಂಟು ಇದ್ದದ್ದು ಮೂವತ್ತೆಂಟಾಗಿದೆ; ನಲವತ್ತೈದು ದಾಟಿದ ನೀರನ್ನು ಕುಡಿಯಬಾರದು. ಮೂರು ಬೀದಿಯವರು ಅದೇ ನೀರನ್ನು ಮಕ್ಕಳ ಹಾಲಿನ ಪುಡಿಗೆ ಬೆರೆಸಿದ್ದಾರೆ. ಬೇರೆ ಪ್ರಯೋಗಾಲಯದವರು ಈ ವಾರ ಮತ್ತೆ ಪರೀಕ್ಷಿಸಿದಾಗ ಅಂಕಿ ಎಪ್ಪತ್ತರ ಹತ್ತಿರ ಬಂದು, ಬಾವಿಗೆ ಬೀಗ ಬಿದ್ದು, ಇಲ್ಲಿ ಸಮಿತಿ ಕೂತಿದೆ. ಆ ಬುಧವಾರ ಬೆಳಗ್ಗೆ ಈ ಸಾಲುಗಳನ್ನು ಅವಳು ಮೇಲಿಂದ ಮೇಲೆ ಓದಿ ದಾಟಿಸಿಬಿಟ್ಟಿದ್ದಳು.

ಮುದ್ದುಗುಮ್ಮ ಯಾರ ಹೆಸರೂ ಅಲ್ಲ. ಅದು ಲ್ಯಾಬಕ್ಕನ ಪಾಸ್‌ವರ್ಡು. ಪರದೆ ಮೊದಲು ಹೆಸರು ಕೇಳುತ್ತದೆ, ಆಮೇಲೆ ಪಾಸ್‌ವರ್ಡು ಕೇಳುತ್ತದೆ. ಅವಸರದಲ್ಲಿರುವವರು ಹೆಸರಿನ ಜಾಗದಲ್ಲಿ ಪಾಸ್‌ವರ್ಡನ್ನೇ ಒತ್ತಿಬಿಡುತ್ತಾರೆ. ಅದರ ಜಾಗದಲ್ಲಿ ಒತ್ತಿದರೆ ಅದು ಯಾರಿಗೂ ಕಾಣುವುದಿಲ್ಲ, ಎಲ್ಲೂ ಬರೆಯಲ್ಪಡುವುದಿಲ್ಲ. ಹೆಸರಿನ ಜಾಗದಲ್ಲಿ ಒತ್ತಿದರೆ ಸರ್ವರು ಅದನ್ನೂ ಒಂದು ಹೆಸರೆಂದು ನಂಬಿ, ಇಂಥವರು ಬಂದಿದ್ದರು, ನಮ್ಮವರಲ್ಲ, ಎಂದು ಅಕ್ಷರ ಬಿಡದೆ ಬರೆದಿಡುತ್ತದೆ. ಹಾಗೆ ಬರೆದದ್ದು ಕಂಡ ಕೂಡಲೇ ಅವರನ್ನು ಕರೆದು, ಪಾಸ್‌ವರ್ಡ್ ಬದಲಾಯಿಸಿ ಎನ್ನಬೇಕು. ಇದು ಅವಳೇ ಬರೆದು ಗೋಡೆಗೆ ಅಂಟಿಸಿದ ನಿಯಮಗಳಲ್ಲಿ ಆರನೆಯದು.

ಆರನೆಯದು, ಎಂದು ಅವಳು ಗೋಡೆಯ ಕಡೆ ನೋಡದೆಯೇ ಅಂದುಕೊಂಡಳು. ನಾಲ್ಕು ವಾರದ ಹಿಂದೆ, ಗುರುವಾರ, ಬೆಳಗ್ಗೆ ಒಂಬತ್ತೂ ಐದಕ್ಕೆ ಲ್ಯಾಬಕ್ಕ ತನ್ನದೇ ಕಂಪ್ಯೂಟರಿನಲ್ಲಿ ಆ ತಪ್ಪು ಮಾಡಿದ್ದಳು. ಕನ್ನಡಕ ಮರೆತು ಬಂದ ದಿನವಿರಬೇಕು. ಸಾಲನ್ನು ಓದಿ ಅವಳು ಕೋಣೆಯಲ್ಲಿ ಒಬ್ಬಳೇ ಜೋರಾಗಿ ನಕ್ಕಿದ್ದಳು. ಲ್ಯಾಬಕ್ಕನೆಂದರೆ ಐವತ್ತೆಂಟು ವರ್ಷದ ಹಿರಿಯ ವಿಶ್ಲೇಷಕಿ. ಒಂದು ಗಾಜಿನ ಕೊಳವೆಗೆ ಬೆರಳಚ್ಚು ಬಿದ್ದಿದ್ದರೆ ಇಡೀ ದಿನದ ಪರೀಕ್ಷೆಯನ್ನು ಮತ್ತೆ ಮಾಡಿಸುವವಳು. ಎದುರಿಗೆ ಬಂದರೆ ಹೊಸಬರು ಗೋಡೆಗೆ ಒರಗಿ ದಾರಿ ಬಿಡುತ್ತಾರೆ. ಮುದ್ದುಗುಮ್ಮ! ಕೂಡಲೇ ಕರೆದು ಹೇಳಬೇಕಿತ್ತು. ಹೇಳಿದರೆ, ನೀನು ಓದಿದೆಯಾ ಎಂದು ಅವಳ ಮುಖ ಕೆಂಪಾಗುತ್ತದೆ, ನೋಡಲಾಗುವುದಿಲ್ಲ, ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಅದು ಪೂರ್ತಿ ನಿಜವಲ್ಲ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಆ ಮಾತನ್ನು ಇನ್ನಷ್ಟು ಹೊತ್ತು ಇಟ್ಟುಕೊಳ್ಳಬೇಕೆನ್ನಿಸಿತ್ತು. ಮನೆಯಲ್ಲಿ ಅವಳ ಗಂಡ ನಾಲ್ಕು ಜನರೆದುರು, ಇವಳದೇನು, ಯಾರು ಬಂದರು ಯಾರು ಹೋದರು ಅಂತ ಬರೆದುಕೊಳ್ಳೋ ವಾಚ್‌ಮನ್ ಕೆಲಸ, ಪುಣ್ಯಕ್ಕೆ ಮೀಸೆ ಬೇಡ, ಎನ್ನುತ್ತಾನೆ. ಜನ ನಗುತ್ತಾರೆ, ಅತ್ತೆ ನಗುತ್ತಾರೆ, ಅವಳೂ ನಗುತ್ತಾಳೆ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಮಾತ್ರ ಆ ನಗು ಎಲ್ಲಿಡಬೇಕೆಂದು ತಿಳಿಯದೆ ಮುಖದ ಮೇಲೆಯೇ ಉಳಿದುಬಿಡುತ್ತದೆ.

ಆ ಗುರುವಾರ ಚಹಾದ ಹೊತ್ತಿಗೆ ಮೇಜಿನ ಸುತ್ತ ಮೂವರಿದ್ದರು. ಅವಳು, ಉಗ್ರಾಣ ನೋಡಿಕೊಳ್ಳುವವರು, ಎಂದೂ ಅಲ್ಲಿಗೆ ಬರದ ಉಪನಿರ್ದೇಶಕರು. ಅವರ ಕೋಣೆಗೆ ಬಣ್ಣ ಬಳಿಯುತ್ತಿದ್ದರಿಂದ ಅವರು ಹೊರಗೆ ಕೂತಿದ್ದರು. ಉಗ್ರಾಣದವರು ಯಾವಾಗಿನಂತೆ ಕಾಲೆಳೆದರು.

"ಏನ್ ಸರ್ವರಮ್ಮ, ನಿಮ್ಮ ಡಬ್ಬಿಯೊಳಗೆ ಏನಾದ್ರೂ ಸ್ವಾರಸ್ಯ ಇದ್ಯಾ, ಇಲ್ಲ ಬರೀ ಗಾಳಿನಾ?"

"ನಮ್ಮ ಡಬ್ಬಿಗೆ ಗೊತ್ತಿಲ್ದೇ ಇರೋದು ಏನಿದೆ ಸ್ವಾಮಿ? ಲ್ಯಾಬಕ್ಕ ಒಳಗೆ ಹೋಗೋ ಮಂತ್ರ ಏನು ಹೇಳಿ ನೋಡೋಣ."

"ಸೋಡಿಯಂ ಕ್ಲೋರೈಡು?"

"ಮುದ್ದುಗುಮ್ಮ."

ಉಗ್ರಾಣದವರ ಚಹಾ ಮೂಗಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ಗುಮ್ಮ ಸರಿ, ಒಪ್ಪಿದೆ. ಮುದ್ದು ಯಾರಿಗಪ್ಪಾ?" ಎಂದರು. ಅವಳೂ ನಕ್ಕಳು. ಎಷ್ಟು ದಿನವಾಗಿತ್ತು, ಇಬ್ಬರು ಗಂಡಸರು ಕುರ್ಚಿಯನ್ನು ಇತ್ತ ಎಳೆದುಕೊಂಡು ತಾನು ಇನ್ನೇನು ಹೇಳುತ್ತೇನೆಂದು ಕಾಯ್ದು. ಉಪನಿರ್ದೇಶಕರು ಜೋರಾಗಿ ನಗಲಿಲ್ಲ. ಲೋಟದ ಅಂಚಿನ ಮೇಲಿಂದ ಒಮ್ಮೆ ಅವಳನ್ನು ನೋಡಿ, "ಹೌದಾ?" ಎಂದರು, ಅಷ್ಟೇ. ನಿಜಕ್ಕೂ ಹಾಗೆ ನೋಡಿದ್ದರೋ, ಅಥವಾ ಈಗ, ಆದದ್ದೆಲ್ಲ ಆದಮೇಲೆ, ಆ ನೋಟವನ್ನು ತಾನೇ ಅಲ್ಲಿ ತಂದಿಡುತ್ತಿದ್ದೇನೋ. ಲಾಗಿನಲ್ಲಾದರೆ ಹಿಂದಿನ ಸಾಲನ್ನು ತೆರೆದು ನೋಡಬಹುದು. ಚಹಾದ ಮೇಜಿನ ಮೇಲಿನದನ್ನು ಯಾರು ಬರೆದಿಟ್ಟಿದ್ದಾರೆ?

ಅದಾದ ನಾಲ್ಕು ದಿನಕ್ಕೋ ಐದು ದಿನಕ್ಕೋ, ಉದ್ದನೆಯ ನಡುಹಾದಿಯಲ್ಲಿ ಲ್ಯಾಬಕ್ಕ ಕೈತುಂಬ ಸೀಸೆಗಳ ತಟ್ಟೆ ಹಿಡಿದು ಹೋಗುತ್ತಿದ್ದಾಗ ಉಗ್ರಾಣದವರು ಬಾಗಿಲ ಸಂದಿಯಿಂದ, "ಗುಮ್ಮ ಬಂತು ಗುಮ್ಮ," ಎಂದು ತಮ್ಮಷ್ಟಕ್ಕೆ ಗುನುಗಿದ್ದರು. ಲ್ಯಾಬಕ್ಕ ತಿರುಗಿದಳು. ಉಗ್ರಾಣದ ಕಡೆಗಲ್ಲ, ಬಹಳ ದೂರದಿಂದ ಯಾರೋ ಕರೆದಂತೆ, ಯಾರೂ ಇಲ್ಲದ ಕಡೆಗೆ. ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಆ ಮುಖವನ್ನು ಅವಳು ನೀರಿನ ಫಿಲ್ಟರಿನ ಹತ್ತಿರ ಬಗ್ಗಿ ನಿಂತು ನೋಡಿದ್ದಳು. ಲೋಟ ತುಂಬಿ ಕೈಮೇಲೆ ನೀರು ಹರಿದಿತ್ತು. ಆ ದಿನವಾದರೂ ಹೇಳಬಹುದಿತ್ತು, ಅಕ್ಕ, ಪಾಸ್‌ವರ್ಡ್ ಬದಲಾಯಿಸಿ, ಕಾರಣ ಕೇಳಬೇಡಿ. ಹೇಳಲಿಲ್ಲ. ಒಂದು ದಿನ ಬಿಟ್ಟದ್ದನ್ನು ಇನ್ನೊಂದು ದಿನ ಹೇಳುವುದಕ್ಕೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಜೋಡಿಸಿಕೊಳ್ಳಬೇಕಾಗುತ್ತದೆ. ಮೂರನೆಯ ದಿನಕ್ಕೆ ಎರಡು ಉತ್ತರ.

ನಿನ್ನೆ ಸಂಜೆ ಉಪನಿರ್ದೇಶಕರು ತಾವೇ ಈ ಕೋಣೆಗೆ ಬಂದಿದ್ದರು. ಕೂತುಕೊಳ್ಳಲಿಲ್ಲ. ಸರ್ವರುಗಳ ಸದ್ದಿಗೆ ದನಿ ಸ್ವಲ್ಪ ಎತ್ತರಿಸಿ ಮಾತಾಡಿದರು.

"ಮೇಡಂ, ದೊಡ್ಡ ಪುರಾಣ ಏನೂ ಬೇಡ. ಆ ಮಂಗಳವಾರದ್ದು ಮಾತ್ರ. ಹೆಸರು, ಸಮಯ, ಎರಡೇ ಕಾಲಂ. ಒಳಗೆ ಹೋದವರದ್ದು ಸಾಕು, ಹೋಗದೇ ಇದ್ದವರದ್ದು ಯಾಕೆ? ಸಮಿತಿಯವರಿಗೆ ಅದೆಲ್ಲ ಅರ್ಥ ಆಗಲ್ಲ."

"ಯಾವ ಕಂಪ್ಯೂಟರಿಂದ ಅನ್ನೋದು ಬೇಡ್ವಾ ಸರ್?"

"ಎಲ್ಲಾರೂ ಎಲ್ಲಾ ಕಡೆ ಕೂತ್ಕೊಂಡು ಕೆಲಸ ಮಾಡ್ತಾರೆ. ನನ್ನ ರೂಮಲ್ಲೂ ಎಷ್ಟೋ ಜನ ಕೂತಿರ್ತಾರೆ. ಲ್ಯಾಬಕ್ಕನೇ ಎಷ್ಟು ಸಲ ಬಂದು ಕೂತಿಲ್ಲ, ಅವರ ಮೆಷಿನ್ ನಿಂತುಹೋದಾಗ?" ಅವರು ಅವಳ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ, ಮುಚ್ಚಳ ತೆಗೆದು, ಹಾಕಿ, ಮತ್ತೆ ಇಟ್ಟರು. "ಪಾಸ್‌ವರ್ಡಿನ ವಿಷಯಕ್ಕೆಲ್ಲ ಹೋದ್ರೆ ಸುಮ್ನೆ ನಿಮಗೇ ತಲೆನೋವು. ಯಾರ ಪಾಸ್‌ವರ್ಡು ಯಾರಿಗೆ ಕಾಣುತ್ತೆ ಅಂತ ಕೇಳ್ತಾರೆ. ಆವಾಗ ಏನ್ ಹೇಳ್ತೀರಾ? ಅವತ್ತು ಚೆನ್ನಾಗಿ ನಗಿಸಿದ್ರಿ ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದ್ದೀನಿ. ನಾಳೆ ನಾಲ್ಕು ಗಂಟೆಗೆ ಕೊಡಿ, ಸಾಕು."

"ಆಯ್ತು ಸರ್," ಎಂದಿದ್ದಳು. ಆ ಎರಡು ಮಾತು ಎಷ್ಟು ಸಲೀಸಾಗಿ ಬಂದಿತ್ತೆಂಬುದು ರಾತ್ರಿಯಿಂದ ಅವಳನ್ನು ಕೊರೆಯುತ್ತಿತ್ತು. ಅವರು ಹೇಳಿದಂತೆ ಮಾಡಿದರೆ ಅವಳು ಒಂದೇ ಒಂದು ಸುಳ್ಳನ್ನೂ ಬರೆಯಬೇಕಾಗಿಲ್ಲ. ಲ್ಯಾಬಕ್ಕನ ಹೆಸರು, ನಿಜ. ಒಂದು ಗಂಟೆ ಹನ್ನೆರಡು ನಿಮಿಷ, ನಿಜ. ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟು ಕೆಳಗೆ ಸಹಿ ಮಾಡಿದರೆ ಒಬ್ಬಳ ಮೂವತ್ತೊಂದು ವರ್ಷದ ನೌಕರಿ ಮುಗಿಯುತ್ತದೆ, ಅಷ್ಟೇ.

ಒಂದೂವರೆಗೆ ಬಾಗಿಲು ತೆರೆದುಕೊಂಡಿತು. ಲ್ಯಾಬಕ್ಕ ಶಾಲನ್ನು ಕತ್ತಿನವರೆಗೆ ಸುತ್ತಿಕೊಂಡು ಒಳಗೆ ಬಂದಳು. ಕೈಯಲ್ಲಿ ಮಡಚಿದ ಒಂದು ಹಾಳೆ.

"ಏನೇ ಹುಡುಗಿ, ಈ ಐಸ್ ಪೆಟ್ಟಿಗೇಲಿ ತರಕಾರಿ ಥರ ಹೇಗೆ ಕೂತಿರ್ತೀಯೇ? ಊಟ ಆಯ್ತಾ?"

"ಆಯ್ತು ಅಕ್ಕ." ಆಗಿರಲಿಲ್ಲ. ಡಬ್ಬಿ ಚೀಲದಲ್ಲೇ ಇತ್ತು. ಅವಳು ಪರದೆಯ ಮೇಲಿನದನ್ನು ಮುಚ್ಚಲು ಕೈ ಚಾಚಿ, ಮುಚ್ಚಿದರೆ ಮುಚ್ಚಿದ್ದು ಕಾಣುತ್ತದೆಂದು ಹಾಗೇ ಬಿಟ್ಟಳು. ಲ್ಯಾಬಕ್ಕ ಪರದೆಯ ಕಡೆ ನೋಡಲೇ ಇಲ್ಲ. ಸ್ಟೂಲನ್ನು ಎಳೆದುಕೊಂಡು, ಕೂರುವ ಮೊದಲು ಅಂಗೈಯಿಂದ ಒರೆಸಿ, ಕೂತಳು. ಆ ಕೈಗಳು ಆಸಿಡ್ಡು ತಾಗಿ ತಾಗಿ ಉಗುರಿನ ಸುತ್ತ ಬಿಳಿಚಿಕೊಂಡಿದ್ದವು.

"ನನ್ನ ಹೆಸರೇ ಇದೆಯಂತಲ್ಲ ಅದ್ರಲ್ಲಿ."

"ಹ್ಞೂಂ ಅಕ್ಕ."

"ಮೆಷಿನ್ನು ಸುಳ್ಳು ಹೇಳುತ್ತೇನೇ?"

"ಇಲ್ಲ."

"ಮತ್ತೆ ನಾನೇ ಮಾಡಿರ್ಬೇಕು ಬಿಡು." ಅವಳು ಅದನ್ನು ಹೇಳಿದ ರೀತಿ, ಸಾರಿಗೆ ಉಪ್ಪು ಎರಡು ಸಲ ಹಾಕಿಬಿಟ್ಟೆನೇನೋ ಎಂಬಷ್ಟು ಸಾದಾ ಇತ್ತು. "ಹೋದ ತಿಂಗಳು ಬೀಗ ಹಾಕಿದ್ನೋ ಇಲ್ವೋ ಅಂತ ಅರ್ಧ ದಾರೀಲಿ ಬಸ್ಸಿಳಿದು ವಾಪಸ್ ಹೋಗಿದ್ದೆ, ಗೊತ್ತಾ? ಹಾಕಿದ್ದೆ. ಆಮೇಲೆ ಬಸ್ಸಲ್ಲಿ ಕೂತು, ಒಲೆ ಆರಿಸಿದ್ನಾ ಅಂತ. ನಮ್ಮನೆಯವರು ಹೋದ್ಮೇಲೆ ತಲೆ ಹೀಗೇ ಆಗಿದೆ. ಆರನ್ನ ಮೂರು ಮಾಡೋದಕ್ಕೆ ಎಷ್ಟು ಹೊತ್ತು ಬೇಕು? ಬೆರಳು ಜಾರಿದ್ರೆ ಆಯ್ತು. ನಂಗೆ ಒಂಚೂರೂ ನೆನಪಿಲ್ಲ ಅನ್ನೋದೇ ಭಯ. ಆ ದಿನ ಮಧ್ಯಾಹ್ನ ಎಲ್ಲಿದ್ದೆ ಅಂತ ಎಷ್ಟು ನೆನೆಸ್ಕೊಂಡ್ರೂ ಬರೀ ಸೀಸೆ ತೊಳೀತಾ ಇರೋದೇ ಕಣ್ಮುಂದೆ ಬರುತ್ತೆ. ದಿನಾ ತೊಳೀತೀನಿ. ಅದು ಯಾವ ದಿನದ್ದು ಅಂತ ಹೇಗೆ ಹೇಳ್ಲಿ?"

ಆ ದಿನದ್ದೇ ಅಕ್ಕ, ಎಂಬ ಮಾತು ಅವಳ ಗಂಟಲವರೆಗೆ ಬಂತು. ಬಂದು ನಿಂತ ಕೂಡಲೇ ಅದರ ಹಿಂದೆಯೇ ಇನ್ನೊಂದು ಬಂತು. ಈಗಲೇ ಎಲ್ಲ ಹೇಳಿಬಿಡಬೇಕು, ಈ ಸ್ಟೂಲಿನ ಎದುರಿಗೇ, ಅತ್ತುಬಿಡಬೇಕು. ಲ್ಯಾಬಕ್ಕ ಬಯ್ಯುತ್ತಾಳೆ, ಆಮೇಲೆ ಎದ್ದು ಬಂದು ತಲೆ ಸವರುತ್ತಾಳೆ, ಅವಳು ಅಂಥವಳು. ಆ ಸವರುವ ಕೈಗಾಗಿ ತನಗೆ ಇಷ್ಟು ಆಸೆಯಾಗುತ್ತಿದೆಯೆಂದು ಅರಿವಾದಾಗ ಅವಳಿಗೆ ಅಸಹ್ಯವೆನಿಸಿತು. ಆ ದಿನ ಇಬ್ಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡದ್ದು ಬೇಕಿತ್ತು, ಇವತ್ತು ಇದು ಬೇಕು. ಆಗಲೂ ಈಗಲೂ ಹೇಳಿ ಹಗುರಾಗುವುದು ತಾನೇ, ಹೊರಬೇಕಾದವಳು ಲ್ಯಾಬಕ್ಕ.

"ಪಾಸ್‌ವರ್ಡು ಬದಲಾಯಿಸ್ಬೇಕಂತಲ್ಲ," ಲ್ಯಾಬಕ್ಕ ಶಾಲಿನ ಅಂಚಿನ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. "ಉಪನಿರ್ದೇಶಕರು ಹೇಳಿದ್ರು. ಬದಲಾಯಿಸ್ಲೇಬೇಕೇನೇ? ಹೇಗೂ ಮನೆಗೆ ಹೋಗ್ತೀನಲ್ಲ, ಅಲ್ಲೀವರೆಗೂ ಅದೇ ಇರ್ಲಿ ಬಿಡೇ."

"ಯಾಕಕ್ಕ?"

"ನಗ್ಬೇಡ. ಅದು ನಮ್ಮನೆಯವರು ನನ್ನ ಕರೀತಿದ್ದ ಹೆಸರು. ಏನು ಅಂತ ಮಾತ್ರ ಕೇಳ್ಬೇಡ, ಸತ್ರೂ ಹೇಳಲ್ಲ, ನಗ್ತೀಯ. ಕೋಪ ಬಂದಾಗ ಮೂಗು ಕೆಂಪಾಗ್ತಿತ್ತಂತೆ ನಂದು, ಅದಕ್ಕೆ. ಈಗ ಹಾಗೆ ಕರೆಯೋರು ಯಾರಿದಾರೆ? ದಿನಾ ಬೆಳಗ್ಗೆ ಬಂದು ಒಂದ್ಸಲ ಟೈಪ್ ಮಾಡಿದ್ರೆ ಒಂಥರಾ, ಕರೆದ ಹಾಗೆ ಆಗುತ್ತೆ. ಹುಚ್ಚು ಅಂತಿಟ್ಕೋ." ನಕ್ಕಳು. ಮುಂದಿನ ಹಲ್ಲಿನ ನಡುವೆ ಸಣ್ಣ ಸಂದಿಯಿತ್ತು. ಹದಿನಾರು ವರ್ಷದಲ್ಲಿ ಅವಳು ಅದನ್ನು ನೋಡಿಯೇ ಇರಲಿಲ್ಲ. "ಹೋದ ತಿಂಗಳು ಒಂದು ದಿನ ನಡುಹಾದೀಲಿ ಯಾರೋ ಹಾಗೆ ಅಂದ ಹಾಗಾಯ್ತು ನೋಡು. ಅವತ್ತು ಇಡೀ ದಿನ ಕಾಲು ನೆಲಕ್ಕೆ ತಾಗ್ಲಿಲ್ಲ. ಭ್ರಾಂತಿ. ಅದಕ್ಕೇ ಹೇಳಿದ್ದು, ತಲೆ ಸರಿ ಇಲ್ಲ, ನಾನೇ ಮಾಡಿರ್ತೀನಿ ಅಂತ."

ಸರ್ವರುಗಳ ಫ್ಯಾನುಗಳು ಒಂದೇ ಸಮನೆ ಊದುತ್ತಿದ್ದವು. ಅವಳು ಏನೋ ಹುಡುಕುವವಳಂತೆ ಮೇಜಿನ ಖಾನೆ ಎಳೆದು, ಒಳಗಿದ್ದ ತಂತಿಗಳನ್ನು ಸರಿಸಿ, ಮುಚ್ಚಿದಳು.

ಲ್ಯಾಬಕ್ಕ ಹಾಳೆಯನ್ನು ಬಿಡಿಸಿ ಮುಂದಿಟ್ಟಳು. "ಇದನ್ನ ಒಂಚೂರು ನೋಡು. ನಿನ್ನ ಬರವಣಿಗೆ ಚೆನ್ನಾಗಿದೆ. ಕಣ್ತಪ್ಪಿನಿಂದ ಆಯ್ತು ಅಂತ ಬರೆದುಕೊಟ್ರೆ ಕೇಸು ಗೀಸು ಇಲ್ದೆ ಮನೆಗೆ ಕಳಿಸ್ತಾರಂತೆ. ಉಪನಿರ್ದೇಶಕರು ಪಾಪ ಎಷ್ಟು ಓಡಾಡಿದಾರೆ ನನಗೋಸ್ಕರ. ಇನ್ನು ಹದಿನಾಲ್ಕು ತಿಂಗಳಿತ್ತು ಅಷ್ಟೇ. ನಾಲ್ಕು ಗಂಟೆಗೆ ಬಂದು ತಗೊಂಡು ಹೋಗ್ತೀನಿ."

ಅವಳು ಹೋದ ಮೇಲೆ ಸ್ಟೂಲು ಎಳೆದ ಕಡೆಯೇ ನಿಂತಿತ್ತು. ಕಾಗದದ ಅಕ್ಷರಗಳು ಗುಂಡಗೆ, ಸೀಸೆಗಳಿಗೆ ಅಂಟಿಸುವ ಚೀಟಿಯ ಮೇಲಿನವುಗಳಂತೆ ಒಂದೇ ಎತ್ತರಕ್ಕಿದ್ದವು. 'ನನ್ನ ವಯಸ್ಸು ಹಾಗೂ ಮರೆವಿನ ಕಾರಣ.' ಮರೆವು ಎಂಬುದರ ಕೆಳಗೆ, ಸರಿಯೇ ತಪ್ಪೇ ತಿಳಿಯದೆ, ಪೆನ್ಸಿಲಿನಿಂದ ಒಂದು ಪ್ರಶ್ನೆಯ ಗುರುತು.

ಚಿಕ್ಕಮ್ಮನ ಅಕ್ಷರವೂ ಹೀಗೇ ಗುಂಡಗಿತ್ತು. ಒಂಬತ್ತು ವರ್ಷದವಳಾಗಿದ್ದಾಗ ಅವಳು ಚಿಕ್ಕಮ್ಮನ ನೋಟುಪುಸ್ತಕದ ಕೊನೆಯ ಪುಟ ನೋಡಿದ್ದಳು. ಟ್ಯೂಷನ್ ಮೇಷ್ಟರ ಮನೆತನದ ಹೆಸರನ್ನು ತನ್ನ ಹೆಸರಿನ ಮುಂದೆ ಸೇರಿಸಿ ಇಪ್ಪತ್ತು ಸಲ ಸಹಿ ಮಾಡಿದ್ದಳು ಚಿಕ್ಕಮ್ಮ. ನೆಂಟರು ತುಂಬಿದ ನಡುಮನೆಯಲ್ಲಿ ಯಾರೋ, ಏನೇ ಪುಟ್ಟಿ, ಏನಾದ್ರೂ ಹಾಡು ಹೇಳು ಎಂದಾಗ ಹಾಡು ಬರದೆ ಅವಳು ಅದನ್ನು ಹೇಳಿದ್ದಳು. ಮನೆಯೆಲ್ಲ ನಕ್ಕಿತು. ಒಬ್ಬರು ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಚಿಕ್ಕಮ್ಮನೂ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಚಿಕ್ಕಮ್ಮನ ಹಿಂದೆ ಹೋಗಿ ಸೆರಗು ಹಿಡಿದಾಗ ಆಕೆ ಸೆರಗನ್ನು ಬಿಡಿಸಿಕೊಳ್ಳಲಿಲ್ಲ, ತಿರುಗಲೂ ಇಲ್ಲ, ಪಾತ್ರೆ ಉಜ್ಜುತ್ತಲೇ ಇದ್ದಳು. ಬೇರೆ ಯಾರನ್ನೋ ಮದುವೆಯಾಗಿ ಹೋದಳು. ಎಲ್ಲರಿಗೂ ಕಾಗದ ಬರೆಯುತ್ತಿದ್ದಳು, ಕೊನೆಯಲ್ಲಿ ಮಕ್ಕಳ ಹೆಸರನ್ನೆಲ್ಲ ಬರೆದು ಆಶೀರ್ವಾದ ಹೇಳುತ್ತಿದ್ದಳು. ಅವಳ ಹೆಸರೂ ಇರುತ್ತಿತ್ತು, ಬೇರೆಯವರ ಹೆಸರಿನಷ್ಟೇ ದೊಡ್ಡದಾಗಿ, ಎಲ್ಲರ ನಡುವೆ. ಅದಕ್ಕಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ.

ಫೋನು ನಡುಗಿತು. ಗಂಡ.

"ಬರ್ತಾ ಅಮ್ಮನ ಬಿ.ಪಿ. ಮಾತ್ರೆ ತಗೊಂಡು ಬಾ. ಹಳೇ ಚೀಟಿ ಫೋನಲ್ಲಿದೆಯಲ್ಲ?"

"ಇದೆ."

"ಏನು, ದನಿ ಯಾಕೆ ಹಾಗಿದೆ? ಯಾವನಾದ್ರೂ ಕಳ್ಳ ನುಗ್ಗಿದ್ನಾ ನಿನ್ನ ಕೋಟೆಗೆ?"

"ಇಲ್ಲ, ಎ.ಸಿ.ಗೆ ಗಂಟಲು ಕಟ್ಟಿದೆ."

"ಬಿಸಿನೀರು ಕುಡಿ, ಮೀಸೆ ಒರೆಸ್ಕೋ," ಎಂದು ತನ್ನ ಹಾಸ್ಯಕ್ಕೆ ತಾನೇ ನಕ್ಕು ಇಟ್ಟ. ಕೆಟ್ಟವನಲ್ಲ. ಹೇಳಿದರೆ, ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ, ಈಗಲಾದರೂ ಬಾಯಿ ಮುಚ್ಚಿಕೊಂಡಿರು ಎನ್ನುತ್ತಾನೆ. ಅದೇ ಬಾಯನ್ನು ಆಗ ಮುಚ್ಚದಿದ್ದುದರಿಂದಲ್ಲವೇ ಇದೆಲ್ಲ ಎಂದು ಅದರಲ್ಲಿ ತಪ್ಪೂ ಹುಡುಕಲಾಗುವುದಿಲ್ಲ.

ಎರಡೂವರೆ. ಮುಚ್ಚಿಕೊಂಡಿರುವುದು ಎಷ್ಟು ಸುಲಭವೆಂಬುದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸರ್ವರು ಲಾಗುಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಭಾನುವಾರ ಬೆಳಗಿನ ಜಾವ ಹೊಸ ಫೈಲು ಶುರುವಾಗಿ, ಹಳೆಯವು ಒಂದೊಂದು ಮೆಟ್ಟಿಲು ಹಿಂದೆ ಸರಿಯುತ್ತವೆ. ನಾಲ್ಕು ಹಳೆಯ ವಾರಗಳು ಉಳಿಯುತ್ತವೆ, ಐದನೆಯದು ಬಿದ್ದುಹೋಗುತ್ತದೆ. ಲ್ಯಾಬಕ್ಕನ ಕನ್ನಡಕ ಮರೆತ ಗುರುವಾರ ಈಗ ಕೊನೆಯ ಮೆಟ್ಟಿಲ ಮೇಲಿದೆ. ಇವತ್ತು ಶುಕ್ರವಾರ. ಅವಳು ಏನನ್ನೂ ಅಳಿಸಬೇಕಾಗಿಲ್ಲ. ಮನೆಗೆ ಹೋಗಿ, ಶನಿವಾರ ಬಟ್ಟೆ ಒಗೆದು, ಭಾನುವಾರ ಸ್ವಲ್ಪ ತಡವಾಗಿ ಎದ್ದರೆ, ಅವಳು ಆ ಮಾತನ್ನು ಮೊದಲು ಓದಿದ್ದಳೆಂಬುದಕ್ಕೆ ಲೋಕದಲ್ಲಿ ಒಂದೂ ಗುರುತು ಉಳಿಯುವುದಿಲ್ಲ. ಬೇಕಿದ್ದರೆ ಈಗಲೇ ಅಳಿಸಬಹುದು. ಈ ಕಟ್ಟಡದಲ್ಲಿ ಆ ಅಧಿಕಾರವಿರುವವಳು ಅವಳೊಬ್ಬಳೇ. ಬೆರಳು ಕೀಲಿಗಳ ಮೇಲೇ ಇತ್ತು. ಬೆರಳನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡಳು.

ಹಾಗಾದರೆ ಇದ್ದದ್ದನ್ನೆಲ್ಲ ಕೊಟ್ಟುಬಿಡೋಣ, ಐದೂ ಫೈಲು, ಒಂದಕ್ಷರ ಬಿಡದೆ. ಸಮಿತಿಯವರು ತಾವೇ ನೋಡಲಿ. ಈ ಯೋಚನೆಯಲ್ಲಿ ಒಂದು ಗಳಿಗೆ ಬೆಚ್ಚಗಿತ್ತು. ಆಮೇಲೆ ಅವಳು, ಅಭ್ಯಾಸ ಬಲದಿಂದ, ಸಮಿತಿಯವರ ಕಣ್ಣಿನಿಂದ ಓದಿದಳು. ನಾಲ್ಕು ವಾರದ ಹಿಂದೆ ಲ್ಯಾಬಕ್ಕ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಒತ್ತಿದ್ದಾಳೆ. ಹೋದ ವಾರ ಉಪನಿರ್ದೇಶಕರ ಕೋಣೆಯಲ್ಲಿ ಕೂತು ಯಾರೋ ಅದೇ ತಪ್ಪು ಮಾಡಿದ್ದಾರೆ. ಯಾರಿರಬಹುದು? ಅದೇ ತಪ್ಪನ್ನು ಮಾಡುವ ರೂಢಿಯಿರುವವಳೇ. ಉಪನಿರ್ದೇಶಕರು ಹೇಳುತ್ತಾರೆ, ಬಂದಿದ್ದರು, ಕೂತಿದ್ದರು, ಪಾಪ ವಯಸ್ಸಾಯಿತು. ಲ್ಯಾಬಕ್ಕನನ್ನು ಕೇಳುತ್ತಾರೆ. ಲ್ಯಾಬಕ್ಕ ಶಾಲಿನ ಎಳೆ ಸುತ್ತಿಕೊಳ್ಳುತ್ತ, ಕೂತಿದ್ದೆನೇನೋ, ಎನ್ನುತ್ತಾಳೆ. ಒಂದೊಂದು ಸಾಲೂ ನಿಜ, ಪೂರ್ತಿ ನಿಜ, ಯಾವುದನ್ನೂ ಮುಚ್ಚಿಲ್ಲ; ಆದರೂ ಅವಳನ್ನೇ ಹಿಡಿದುಕೊಡುತ್ತದೆ. ಲಾಗಿಗೆ ಕಂಪ್ಯೂಟರು ಗೊತ್ತು, ಗಳಿಗೆ ಗೊತ್ತು. ಅದರ ಮುಂದೆ ಕೂತ ಬೆರಳುಗಳು ಗೊತ್ತಿಲ್ಲ. ಆ ಮಾತು ಲ್ಯಾಬಕ್ಕನ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಯಾವ ದಾರಿಯಲ್ಲಿ ಹೋಯಿತೆಂಬುದು ಯಾವ ಫೈಲಿನಲ್ಲೂ ಇಲ್ಲ. ಆ ದಾರಿ ಒಂದು ಬಾಯಿಯ ಮೂಲಕ ಹೋಗಿತ್ತು.

ಅವಳು ಎದ್ದು ಕೋಣೆಯ ಉದ್ದಕ್ಕೂ ನಡೆದಳು, ಆರು ಹೆಜ್ಜೆ, ತಿರುಗಿ ಆರು ಹೆಜ್ಜೆ. ಹೇಳಿದರೆ ಏನಾಗುತ್ತದೆಂದು ಒಂದೊಂದಾಗಿ ಕಂಡಿತು. ಲಾಗ್ ಓದುವವಳೇ ಲಾಗಿನಲ್ಲಿ ಕಂಡದ್ದನ್ನು ಆಡಿಕೊಂಡು ನಗುತ್ತಾಳೆಂದರೆ ಆ ಕೀಲಿಯನ್ನು ಅವಳ ಕೈಯಲ್ಲಿ ಯಾರು ಬಿಡುತ್ತಾರೆ? ಬಿಡಬಾರದು. ತಾನೇ ಸಮಿತಿಯಲ್ಲಿದ್ದರೂ ಬಿಡುತ್ತಿರಲಿಲ್ಲ. ಉಗ್ರಾಣದವರು ತಮಗೆ ನೆನಪೇ ಇಲ್ಲವೆನ್ನುತ್ತಾರೆ. ಉಪನಿರ್ದೇಶಕರು, ಈಗ ಕಥೆ ಕಟ್ಟುತ್ತಿದ್ದಾರೆ ಎನ್ನುತ್ತಾರೆ. ಅವಳ ಮಾತು ಒಂದು ಕಡೆ, ಇಬ್ಬರ ಮಾತು ಒಂದು ಕಡೆ. ಇಷ್ಟರ ಮೇಲೂ ಲ್ಯಾಬಕ್ಕ ಉಳಿಯುತ್ತಾಳೆಂಬ ಭರವಸೆಯಿಲ್ಲ. ಒಂದು ಮಾತ್ರ ಖಂಡಿತ: ಮುದ್ದುಗುಮ್ಮ ಎಂಬ ಮಾತನ್ನು ಸಮಿತಿಯ ಮೇಜಿನ ಮೇಲೆ, ನಾಲ್ಕು ಜನರೆದುರು, ಗಟ್ಟಿಯಾಗಿ ಓದುತ್ತಾರೆ. ಯಾರಾದರೊಬ್ಬರು ನಗುತ್ತಾರೆ. ಲ್ಯಾಬಕ್ಕ ಅಲ್ಲೇ ಕೂತಿರುತ್ತಾಳೆ. ನಡುಹಾದಿಯಲ್ಲಿ ಕೇಳಿಸಿದ ಕರೆ ಎಲ್ಲಿಂದ ಬಂದಿತ್ತೆಂದು ಆಗ ಅವಳಿಗೆ ತಿಳಿಯುತ್ತದೆ. ಕಾಲು ನೆಲಕ್ಕೆ ತಾಗದಿದ್ದ ಆ ಒಂದು ದಿನವನ್ನೂ ತಾನು ಕಿತ್ತುಕೊಂಡಂತಾಗುತ್ತದೆ. ಇದನ್ನು ಮಾತ್ರ ಎಷ್ಟು ಹೆಜ್ಜೆ ನಡೆದರೂ ಸುತ್ತಿ ಹೋಗಲಾಗಲಿಲ್ಲ. ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋದರೆ ಲ್ಯಾಬಕ್ಕನಿಗೆ ಆ ಕರೆಯಾದರೂ ಉಳಿಯುತ್ತದಲ್ಲವೇ? ಈ ಪ್ರಶ್ನೆ ತುಂಬ ಕರುಣೆಯಿಂದ ಬಂದು ಅವಳ ಪಕ್ಕ ನಿಂತಿತು. ಅವಳು ಅದರ ಮುಖವನ್ನು ಸರಿಯಾಗಿ ನೋಡಿದಳು. ಅದು ಆ ದಿನ, ಹೇಳಿದರೆ ಪಾಪ ಮುಖ ಕೆಂಪಾಗುತ್ತದೆ, ಎಂದು ಬಂದಿದ್ದ ಕರುಣೆಯೇ. ಸೀರೆ ಬದಲಾಯಿಸಿಕೊಂಡು ಬಂದಿತ್ತು, ಅಷ್ಟೇ. ಮಾಡದ ತಪ್ಪನ್ನು ಮಾಡಿದೆನೆಂದು ನಂಬಿಕೊಂಡು, ಉಳಿದ ವರ್ಷಗಳೆಲ್ಲ ಬೀಗ ಹಾಕಿದೆನೇ, ಒಲೆ ಆರಿಸಿದೆನೇ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿಯುತ್ತ, ಮೂರು ಬೀದಿಯ ಮಕ್ಕಳ ಲೆಕ್ಕವನ್ನು ತನ್ನ ತಲೆಗೆ ಕಟ್ಟಿಕೊಂಡು ಇರಬೇಕಾದವಳಿಗೆ ಯಾವ ಕರೆ ತಾನೇ ಕೇಳಿಸೀತು?

ನಾಲ್ಕಕ್ಕೆ ಇನ್ನೂ ಐದು ನಿಮಿಷವಿದ್ದಾಗ ಲ್ಯಾಬಕ್ಕ ಬಾಗಿಲಲ್ಲಿ ತಲೆ ಹಾಕಿದಳು. "ಆಯ್ತೇನೇ?"

"ಇಲ್ಲ ಅಕ್ಕ. ತಿದ್ದೋದು ಬೇಕಾದಷ್ಟಿದೆ. ನನ್ನ ಹತ್ರಾನೇ ಇರ್ಲಿ, ಸೋಮವಾರ ಕೊಡೋಣ."

"ಅಯ್ಯೋ, ಇವತ್ತೇ ಬೇಕಂದ್ರಲ್ಲೇ ಅವರು."

"ಕೇಳಿದ್ರೆ ಸರ್ವರಮ್ಮ ಇಟ್ಕೊಂಡಿದಾಳೆ ಅನ್ನಿ. ಇನ್ನೊಂದು ಕಾಗದ ಬರೆದುಕೊಡಿ ಅಂದ್ರೆ ಮಾತ್ರ ಬರೀಬೇಡಿ. ಕೈ ನೋವು ಅನ್ನಿ."

"ಒಳ್ಳೇ ಕಥೆ. ಅಷ್ಟೊಂದು ತಪ್ಪಿದೆಯಾ ನನ್ನ ಬರವಣಿಗೇಲಿ?"

"ತುಂಬಾ," ಎಂದಳು ಅವಳು. ಲ್ಯಾಬಕ್ಕ ಹುಬ್ಬು ಗಂಟಿಕ್ಕಿ, ನಿಜಕ್ಕೂ ಸ್ವಲ್ಪ ನೊಂದುಕೊಂಡು ಹೋದಳು. ಮೂಗಿನ ತುದಿ ಕೆಂಪಾಗಿತ್ತು.

ಅವಳು ಐದೂ ಫೈಲುಗಳನ್ನು ಇದ್ದ ಹಾಗೇ ಬೇರೆ ಡಿಸ್ಕಿಗೆ ಇಳಿಸಿದಳು. ಎಲ್ಲ ಇಳಿದು ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ಉಪನಿರ್ದೇಶಕರು ಕಳಿಸಿದ್ದ ನಮೂನೆಯನ್ನು ಮುದ್ರಿಸಿಕೊಂಡಳು. ಎರಡು ಕಾಲಂ: ಹೆಸರು, ಸಮಯ. ಸ್ಕೇಲು ಸಿಗದೆ ಊಟದ ಡಬ್ಬಿಯ ಮುಚ್ಚಳವನ್ನು ಅಡ್ಡ ಹಿಡಿದು ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಳು. ಮುಚ್ಚಳ ಜಾರಿ ಗೆರೆ ಕೆಳಗೆ ಸ್ವಲ್ಪ ಸೊಟ್ಟಗಾಯಿತು. ಅಲ್ಲಿ 'ಯಾವ ಕಂಪ್ಯೂಟರಿನಿಂದ' ಎಂದು ಬರೆದಳು. ಕೈ ನಿಂತಿತು. ಉಪನಿರ್ದೇಶಕರ ನಮೂನೆ, ಸರ್ವರಿನ ಲಾಗು, ಗೋಡೆಯ ನಿಯಮಗಳು ಯಾವುದರಲ್ಲೂ ಇಲ್ಲದ ನಾಲ್ಕನೆಯ ಕಾಲಮ್ಮಿನ ಗೆರೆಯನ್ನು ಮುಚ್ಚಳವಿಲ್ಲದೆ, ಬರಿಗೈಯಲ್ಲೇ ಎಳೆದಳು.

ಮೇಜಿನ ಫೋನು ರಿಂಗಾಯಿತು. "ಮೇಡಂ, ನಾಲ್ಕಾಯ್ತು," ಎಂದರು ಉಪನಿರ್ದೇಶಕರು.

"ಆಗ್ತಾ ಇದೆ ಸರ್."

"ಎರಡು ಕಾಲಂಗೆ ಇಷ್ಟು ಹೊತ್ತಾ?"

"ಇವತ್ತು ಆಗಲ್ಲ ಸರ್. ಸೋಮವಾರ ಸಮಿತಿ ಕೂತಾಗ ನಾನೇ ತಗೊಂಡು ಬರ್ತೀನಿ," ಎಂದಳು. ಅವಳು ರಿಸೀವರನ್ನು ಮೆಲ್ಲಗೆ ಇಟ್ಟಳು. ಕಾಯುತ್ತ ಕೂತರೆ ಇನ್ನೊಂದು ಕರುಣೆ ಬಂದು ಬಾಗಿಲು ತಟ್ಟುತ್ತದೆ. ನಾಲ್ಕನೆಯ ಕಾಲಮ್ಮಿನ ತಲೆಯಲ್ಲಿ, 'ಈ ಪಾಸ್‌ವರ್ಡನ್ನು ಬಲ್ಲವರು' ಎಂದು ಬರೆದು, ಮೊದಲನೆಯ ಸಾಲಿನಲ್ಲಿ ತನ್ನ ಪೂರ್ತಿ ಹೆಸರನ್ನೂ, ಅದರ ಮುಂದೆ ಆ ಗುರುವಾರದ ತಾರೀಖನ್ನೂ ಚಹಾದ ಸಮಯವನ್ನೂ, ಯಾರು ಓದಿದರೂ ತಿಳಿಯುವಷ್ಟು ದೊಡ್ಡದಾಗಿ ಬರೆದಳು.